ತೆರೆಯ ಹಿಂದಿನ ತಂದೆತಾಯಿಗಳು: ಅಮೆರಿಕೆಯ ಪ್ರೌಢಶಾಲೆಗಳ ಸಂಗೀತ ನಾಟಕ

ಶ್ರೀಮಠದ ಕಾರ್ಯಾಲಯಕ್ಕೆ ಬರುವ ಹಿರಿಯ ಭಕ್ತರಲ್ಲಿ ಅನೇಕರ ಮಕ್ಕಳು ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಪೂಜ್ಯರ ದರ್ಶನ ಪಡೆದು, ಪ್ರಸಾದ ಸ್ವೀಕರಿಸಿ, ಊರಿಗೆ ಮರಳುವ ಮುನ್ನ ಅವರು ಮೊಮ್ಮಕ್ಕಳ ಸುದ್ದಿಯನ್ನು ಹೇಳುವುದುಂಟು. ಈಚೆಗೆ ಆ ಸುದ್ದಿಯಲ್ಲಿ ಒಂದು ಆತಂಕವೂ ಬೆರೆತು ಬರುತ್ತಿದೆ. "ಮೊಮ್ಮಗಳು ಶಾಲೆಯಲ್ಲಿ ಮ್ಯೂಸಿಕಲ್ ಎಂಬುದಕ್ಕೆ ಸೇರಿದ್ದಾಳಂತೆ. ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಮಗ, ಸೊಸೆ ಇಬ್ಬರೂ ಶನಿವಾರ, ಭಾನುವಾರವೆನ್ನದೆ ಅದರ ಬೆನ್ನು ಹತ್ತಿದ್ದಾರೆ. ಹೀಗಾದರೆ ಓದಿನ ಗತಿಯೇನು, ಕಾರ್ಯದರ್ಶಿಗಳೇ?" ಎಂದು ಕೇಳುತ್ತಾರೆ. ಕೇಳುವವರ ದನಿಯಲ್ಲಿ ನಾಟಕದ ಬಗೆಗಿನ ಹಳೆಯ ಅಂಜಿಕೆಯೂ ಇರುತ್ತದೆ. ನಾಟಕ ಕಂಪನಿಯ ಬೆನ್ನು ಹತ್ತಿ ಮನೆ ಬಿಟ್ಟು ಹೋದ ಹುಡುಗರ ಕಥೆಗಳನ್ನು ಕೇಳಿ ಬೆಳೆದ ತಲೆಮಾರು ಅದು.

ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಮೂರು ತಿಂಗಳು ಇರುವ ಸಂದರ್ಭ ಒದಗಿತ್ತು. ನಾನು ಹೋದ ಕಾಲಕ್ಕೆ ಆ ಮನೆಯಲ್ಲಿ ಇಂಥದೇ ಒಂದು ನಾಟಕದ ಗದ್ದಲ ನಡೆದಿತ್ತು. ಅಲ್ಲಿ ಕಂಡದ್ದನ್ನು, ಕೇಳಿ ತಿಳಿದದ್ದನ್ನು ಭಕ್ತಾದಿಗಳ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಬೇಕು. ನಮ್ಮಲ್ಲಿ ಪ್ರೌಢಶಾಲೆಯೆಂದರೆ ಎಂಟರಿಂದ ಹತ್ತನೆಯ ತರಗತಿ. ಅಲ್ಲಿ ಹೈಸ್ಕೂಲು ಸಾಮಾನ್ಯವಾಗಿ 9ರಿಂದ 12ನೆಯ ತರಗತಿಯವರೆಗೆ ಇರುತ್ತದೆ. ಅಂದರೆ ನಮ್ಮ ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳೂ ಪದವಿಪೂರ್ವದ ಎರಡು ವರ್ಷಗಳೂ ಒಂದೇ ಛಾವಣಿಯ ಕೆಳಗೆ ಇದ್ದಂತೆ. ಮಕ್ಕಳ ವಯಸ್ಸು 14ರಿಂದ 18. ಇನ್ನು ಮ್ಯೂಸಿಕಲ್ ಎಂದರೆ ಸಂಗೀತ ಕಛೇರಿಯಲ್ಲ, ವಾರ್ಷಿಕೋತ್ಸವದಲ್ಲಿ ಚಿತ್ರಗೀತೆಗೆ ಕುಣಿಯುವುದೂ ಅಲ್ಲ. ಮಾತು, ಹಾಡು, ಕುಣಿತ ಮೂರೂ ಸೇರಿ ಕಥೆಯನ್ನು ಮುಂದಕ್ಕೆ ಒಯ್ಯುವ, ಎರಡೂವರೆ ಮೂರು ಗಂಟೆಗಳ ಪೂರ್ಣಪ್ರಮಾಣದ ನಾಟಕ. ಗುಬ್ಬಿ ಕಂಪನಿಯ, ಏಣಗಿ ಬಾಳಪ್ಪನವರ ನಾಟಕಗಳನ್ನು ನೋಡಿದ, ಇಲ್ಲವೆ ನೋಡಿದವರ ಬಾಯಿಂದ ಕೇಳಿದ ನಮ್ಮವರಿಗೆ ಇದು ಹೊಸದೆನಿಸಬೇಕಾಗಿಲ್ಲ. ಸಣ್ಣಾಟ, ದೊಡ್ಡಾಟಗಳ ನಾಡಿನವರಿಗೆ ಹಾಡಿಲ್ಲದ ನಾಟಕವೇ ಹೊಸದು. ವ್ಯತ್ಯಾಸವಿರುವುದು ಕಟ್ಟಿನಲ್ಲಿ. ಕಂಪನಿ ನಾಟಕದಲ್ಲಿ ಪ್ರೇಕ್ಷಕರು 'ವನ್ಸ್ ಮೋರ್' ಎಂದರೆ ನಟ ಅದೇ ಪದವನ್ನು ಮತ್ತೆ ಹಾಡುತ್ತಿದ್ದ. ಕಾಲಪೆಟ್ಟಿಗೆಯವರು ನಟನ ಮನೋಧರ್ಮವನ್ನು ಅನುಸರಿಸುತ್ತಿದ್ದರು. ಅಮೆರಿಕೆಯ ಸಂಗೀತ ನಾಟಕದಲ್ಲಿ ಪ್ರತಿಯೊಂದು ವಾದ್ಯದ ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್ವೇ ರಂಗಮಂದಿರಗಳಲ್ಲಿ ಬಂದ 'ಓಕ್ಲಹೋಮ!' ಎಂಬ ನಾಟಕದಿಂದ ಹಾಡು ಮತ್ತು ಕಥೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡವೆಂದು ಅಲ್ಲಿಯ ರಂಗ ಇತಿಹಾಸಕಾರರು ಹೇಳುತ್ತಾರೆ. ಆ ಪರಂಪರೆಯ ನಾಟಕಗಳನ್ನೇ ಶಾಲೆಗಳು ಆಡುತ್ತವೆ.

ಶಾಲೆಯಲ್ಲಿ ನಾಟಕವಾಡುವುದು ಅಲ್ಲಿ ಇಂದು ನಿನ್ನೆಯ ರೂಢಿಯಲ್ಲ. ನಾಟಕವಾಡುವ ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದೇ ಇರುವ ಥೆಸ್ಪಿಯನ್ ಸೊಸೈಟಿ ಸ್ಥಾಪನೆಯಾದದ್ದು 1929ರಲ್ಲಿ, ವೆಸ್ಟ್ ವರ್ಜೀನಿಯ ರಾಜ್ಯದ ಫೇರ್‌ಮಾಂಟ್ ಎಂಬ ಊರಿನಲ್ಲಿ. ಸಾಮಾನ್ಯವಾಗಿ ಶರತ್ಕಾಲದಲ್ಲಿ ಒಂದು ಗದ್ಯನಾಟಕ, ವಸಂತದಲ್ಲಿ ಒಂದು ಸಂಗೀತ ನಾಟಕ ಎಂಬ ಪದ್ಧತಿ ಬಹಳ ಶಾಲೆಗಳಲ್ಲಿದೆ. ನಾನು ಕಂಡ ಶಾಲೆಯಲ್ಲಿ ಡಿಸೆಂಬರಿನಲ್ಲಿ ಪಾತ್ರಪರೀಕ್ಷೆ ನಡೆದು, ಜನವರಿಯಿಂದ ದಿನವೂ ಶಾಲೆ ಬಿಟ್ಟ ಮೇಲೆ ತಾಲೀಮು ಆರಂಭವಾಗಿ, ಮಾರ್ಚ್ ಕೊನೆಯ ವಾರದಲ್ಲಿ ನಾಲ್ಕು ಪ್ರದರ್ಶನಗಳು ನಡೆದವು. ರಂಗದ ಮೇಲೆ ಬಂದವರು ಸುಮಾರು 50 ಮಕ್ಕಳು. ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ವಾದ್ಯ ನುಡಿಸಿದವರು, ಬೆಳಕು, ಧ್ವನಿ, ಪರದೆಗಳನ್ನು ನೋಡಿಕೊಂಡವರು ಇನ್ನೂ 30 ಮಕ್ಕಳು.

ನಾಟಕವನ್ನು ಆರಿಸಿದೊಡನೆ ಆಡುವಂತಿಲ್ಲ, ಅದರ ಹಕ್ಕನ್ನು ಪಡೆಯಬೇಕು. ಇದಕ್ಕೆಂದೇ ಸಂಸ್ಥೆಗಳಿವೆ. ಅವುಗಳಲ್ಲೊಂದಾದ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಎಂಬುದನ್ನು 1952ರಲ್ಲಿ ಸ್ಥಾಪಿಸಿದವರಲ್ಲಿ ಫ್ರಾಂಕ್ ಲೆಸ್ಸರ್ ಎಂಬ ಸಂಗೀತ ರಚನಕಾರನೇ ಒಬ್ಬ. ಸಭಾಂಗಣದಲ್ಲಿ ಎಷ್ಟು ಆಸನಗಳು, ಟಿಕೆಟ್ಟಿನ ದರವೆಷ್ಟು, ಎಷ್ಟು ಪ್ರದರ್ಶನ ಎಂಬುದನ್ನೆಲ್ಲ ನೋಡಿ ಗೌರವಧನ ಗೊತ್ತುಮಾಡುತ್ತಾರೆ. ಒಪ್ಪಿಗೆಯಿಲ್ಲದೆ ಒಂದು ಮಾತನ್ನು ಬದಲಿಸುವಂತಿಲ್ಲ, ಒಂದು ಹಾಡನ್ನು ಬಿಡುವಂತಿಲ್ಲ. ತಮ್ಮ ಮಗುವಿನ ನಾಟಕವೆಂದು ತಂದೆಯೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕುವುದಕ್ಕೂ ಅಡ್ಡಿಯಿದೆ. ನನಗೆ ಹಿಡಿಸಿದ ಸಂಗತಿ ಬೇರೊಂದು: ಹಾಡು ಮಾತುಗಳಿದ್ದ ಪುಸ್ತಕಗಳೂ ವಾದ್ಯಗಳ ಸ್ವರಲಿಪಿಯೂ ಬಾಡಿಗೆಗೆ ಬಂದವು. ಅದರಲ್ಲಿ ಮಕ್ಕಳು ಸೀಸದ ಕಡ್ಡಿಯಿಂದ ಮಾತ್ರ ಗುರುತು ಹಾಕಬೇಕು. ನಾಟಕ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ, ಬಂದಂತೆಯೇ ಹಿಂತಿರುಗಿಸಬೇಕು.

ನನ್ನ ತಮ್ಮನ ಮಗಳು ಆಗ 11ನೆಯ ತರಗತಿಯಲ್ಲಿದ್ದಳು. ಆ ವರ್ಷ ಆರಿಸಿದ ನಾಟಕ 'ಫಿಡ್ಲರ್ ಆನ್ ದಿ ರೂಫ್'. 1964ರಲ್ಲಿ ಬ್ರಾಡ್ವೇಗೆ ಬಂದ ಇದು ಷೋಲೆಂ ಅಲೈಖೆಂ ಎಂಬ ಯಿದ್ದಿಷ್ ಲೇಖಕನ ಕಥೆಗಳನ್ನು ಆಧರಿಸಿದೆ. 1905ರ ಸುಮಾರಿಗೆ, ಝಾರ್ ಅರಸರ ಆಳ್ವಿಕೆಯ ರಷ್ಯದ ಅನಾತೆವ್ಕ ಎಂಬ ಹಳ್ಳಿಯಲ್ಲಿ ತೆವ್ಯ ಎಂಬ ಬಡ ಯಹೂದಿ ಹಾಲುಮಾರುವವ. ಅವನಿಗೆ ಐವರು ಹೆಣ್ಣುಮಕ್ಕಳು. ಹಿರಿಯ ಮೂವರು ಒಬ್ಬರಾದ ಮೇಲೊಬ್ಬರು ಮನೆತನದ ಕಟ್ಟಳೆಯನ್ನು ಒಂದೊಂದು ಹೆಜ್ಜೆ ದಾಟುತ್ತಾರೆ. ಮೊದಲನೆಯವಳು ಬಡ ದರ್ಜಿಯನ್ನು ತಾನೇ ಆರಿಸಿಕೊಳ್ಳುತ್ತಾಳೆ. ಎರಡನೆಯವಳು ಕ್ರಾಂತಿಕಾರಿಯನ್ನು ವರಿಸಿ ದೂರ ಹೋಗುತ್ತಾಳೆ. ಮೂರನೆಯವಳು ಅನ್ಯಧರ್ಮೀಯನನ್ನು ಮದುವೆಯಾಗುತ್ತಾಳೆ. ಮೊದಲ ಎರಡನ್ನು ಹೇಗೋ ನುಂಗಿಕೊಂಡ ತಂದೆಗೆ ಮೂರನೆಯದನ್ನು ನುಂಗಲಾಗುವುದಿಲ್ಲ. ಕೊನೆಗೆ ಇಡೀ ಹಳ್ಳಿಯನ್ನೇ ಸರಕಾರ ಒಕ್ಕಲೆಬ್ಬಿಸುತ್ತದೆ. ಪರದೇಶದಲ್ಲಿ ಮಗಳನ್ನು ಬೆಳೆಸುತ್ತಿರುವ ನನ್ನ ತಮ್ಮ ಈ ಕಥೆಯನ್ನು ಮೊದಲ ಸಲ ಕೇಳಿದಾಗ ಏನೂ ಮಾತನಾಡಲಿಲ್ಲ. ಎದ್ದು ಹೋಗಿ ಚಹಾಕ್ಕಿಟ್ಟ.

ಮಗಳಿಗೆ ಅಭಿನಯದಲ್ಲಿ ಆಸಕ್ತಿಯಿರಲಿಲ್ಲ. ಆಕೆ ರಂಗನಿರ್ವಾಹಕಿಯಾಗಿದ್ದಳು, ಅಲ್ಲಿಯ ಮಾತಿನಲ್ಲಿ ಸ್ಟೇಜ್ ಮ್ಯಾನೇಜರ್. "ಪಾತ್ರವೂ ಇಲ್ಲ, ಪದಕವೂ ಇಲ್ಲ, ಇದಕ್ಕೆ ಇಷ್ಟು ಹೊತ್ತೇಕೆ?" ಎಂಬುದು ತಮ್ಮನ ಅಸಮಾಧಾನ. ಅದೇ ವಸಂತದಲ್ಲಿ ಕಾಲೇಜು ಪ್ರವೇಶದ ಪರೀಕ್ಷೆಯೂ ಇತ್ತು. ಆದರೆ ಪಾಲಕರಿಂದ ನೆರವು ಬೇಕೆಂಬ ಪಟ್ಟಿ ಬಂದಾಗ ಅವನ ಮಡದಿ ಹೊಲಿಗೆಗೆ ಹೆಸರು ಬರೆದಳು. ಅವಳ ಹಿಂದೆ ಇವನೂ ಮರಗೆಲಸಕ್ಕೆ ಬರೆದ.

ಈ ಪಟ್ಟಿಯೇ ಇಡೀ ವ್ಯವಸ್ಥೆಯ ಬೆನ್ನೆಲುಬು. ನಿರ್ದೇಶನ, ಸಂಗೀತ, ನೃತ್ಯ ಶಿಕ್ಷಕರದು. ಶಾಲೆ ಕೊಡುವ ಹಣವಾಗಲಿ ಶಿಕ್ಷಕರ ಕೈಗಳಾಗಲಿ ಇಷ್ಟು ದೊಡ್ಡ ಕೆಲಸಕ್ಕೆ ಸಾಲುವುದಿಲ್ಲ. ಆದ್ದರಿಂದ ಪಾಲಕರು ಬೂಸ್ಟರ್ ಎಂದು ಕರೆಯಲಾಗುವ ಒಂದು ಸಂಘ ಕಟ್ಟಿಕೊಂಡಿರುತ್ತಾರೆ. ಲಾಭೋದ್ದೇಶವಿಲ್ಲದ ಸಂಸ್ಥೆಯೆಂದು ನೋಂದಾಯಿಸಿ, ತೆರಿಗೆ ವಿನಾಯಿತಿ ಪಡೆದು, ಖಜಾಂಚಿಯನ್ನು ನೇಮಿಸಿಕೊಂಡು, ಲೆಕ್ಕಪತ್ರ ಇಡುತ್ತಾರೆ. ಸ್ಮರಣ ಸಂಚಿಕೆಗೆ ಊರಿನ ಅಂಗಡಿಗಳಿಂದ ಜಾಹೀರಾತು ತರುವುದು, ಟಿಕೆಟ್ಟು ಮಾರುವುದು, ವಿರಾಮದಲ್ಲಿ ತಿಂಡಿ ಮಾರಿ ಹಣ ಕೂಡಿಸುವುದು, ಬಂದವರಿಗೆ ಆಸನ ತೋರಿಸುವುದು, ಇವೆಲ್ಲ ಅವರವು. ನಮ್ಮ ಜಾತ್ರಾ ಸಮಿತಿಯ ಕೆಲಸ ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಸಮಿತಿಯ ಸಭೆಯಲ್ಲಿ ಎಲ್ಲರೂ ಒಪ್ಪಿ, ಕೆಲಸದ ದಿನ ಐದಾರು ಜನರೇ ಉಳಿಯುವುದು ಕೂಡ ಅಲ್ಲಿಯೂ ಇದೆಯೆಂದು ತಿಳಿದು ನನಗೆ ಒಳಗೊಳಗೇ ಸಮಾಧಾನವಾಯಿತು.

ಶನಿವಾರ ಬೆಳಗ್ಗೆ ರಂಗಸಜ್ಜಿಕೆಯ ಕೆಲಸ. ನಾಲ್ಕಡಿ ಎಂಟಡಿಯ ಪ್ಲೈವುಡ್ ಹಾಳೆಗಳನ್ನು ಕತ್ತರಿಸಿ, ಮರದ ಚೌಕಟ್ಟಿಗೆ ಬಡಿದು, ಕೆಳಗೆ ಚಕ್ರ ಕೂಡಿಸಿ, ತೆವ್ಯನ ಮನೆಯನ್ನೂ ದರ್ಜಿಯ ಅಂಗಡಿಯನ್ನೂ ಮಾಡಿದರು. ಬೆಂಕಿ ಹತ್ತದಂತೆ ಲೇಪನ ಹಚ್ಚಬೇಕೆಂಬುದು ನಿಯಮ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಯಾರೂ ಗರಗಸ ಮುಟ್ಟುವಂತಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಗಳಿಸುವ ನನ್ನ ತಮ್ಮ, ನಮ್ಮ ತಂದೆಯವರು ಗೋದಲಿ ಕಟ್ಟುತ್ತಿದ್ದುದನ್ನು ನೋಡಿ ಕಲಿತಿದ್ದ ಅಷ್ಟಿಷ್ಟು ವಿದ್ಯೆಯನ್ನು ಮೂವತ್ತು ವರ್ಷಗಳ ಮೇಲೆ ಅಲ್ಲಿ ಹೊರತೆಗೆದ. ಹಾಲಿನ ಗಾಡಿಯನ್ನು ಮಾಡುವ ಹೊಣೆ ಅವನದಾಯಿತು. ನಾಟಕದಲ್ಲಿ ತೆವ್ಯನ ಕುದುರೆ ಕುಂಟುವುದರಿಂದ ಅವನು ತಾನೇ ಗಾಡಿ ಎಳೆದುಕೊಂಡು ಬರಬೇಕು.

ಹೊಲಿಗೆಯ ಕೋಣೆಯಲ್ಲಿ ಏಳೆಂಟು ಜನ ತಾಯಂದಿರು, ಒಬ್ಬ ತಂದೆ. ಹಳೆಯ ಬಟ್ಟೆಯ ಅಂಗಡಿಗಳಿಂದ ಉದ್ದ ಲಂಗ, ಅಂಗಿಗಳನ್ನು ಆರಿಸಿ ತಂದು ಮಕ್ಕಳ ಅಳತೆಗೆ ತಿದ್ದುತ್ತಿದ್ದರು. ಬೇಗ ಬೇಗ ಉಡುಪು ಬದಲಿಸಬೇಕಾದ ಕಡೆ ಗುಂಡಿಗಳನ್ನು ಕಿತ್ತು ಅಂಟುಪಟ್ಟಿ ಹಚ್ಚುತ್ತಿದ್ದರು. ಧ್ವನಿವರ್ಧಕದ ಪುಟ್ಟ ಪೆಟ್ಟಿಗೆಯನ್ನು ನಟರ ಸೊಂಟಕ್ಕೆ ಕಟ್ಟಲು ಚೀಲ ಹೊಲಿಯುತ್ತಿದ್ದರು. ಮಾಟಗಾತಿಯಂತೆ ಎತ್ತರವಾಗಿ ಬರುವ ಪ್ರೇತವೊಂದು ನಾಟಕದ ಕನಸಿನ ದೃಶ್ಯದಲ್ಲಿದೆ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕುಳಿತರೂ ಕಾಣದಂತೆ ಅದರ ನಿಲುವಂಗಿಯನ್ನು ಹೊಲಿಯಲು ಮೂರು ದಿನ ಹಿಡಿಯಿತು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯ ಬಂತು. ಯಹೂದಿ ಪುರುಷರು ಪ್ರಾರ್ಥನೆಯಲ್ಲಿ ಹೊದೆಯುವ ಶಾಲು ಮತ್ತು ಅದರ ಅಂಚಿನ ಗಂಟುದಾರಗಳು ಅವರಿಗೆ ಪವಿತ್ರವಾದವು. ಪಾತ್ರ ಮಾಡುವ ಹುಡುಗರಲ್ಲಿ ಹೆಚ್ಚಿನವರು ಯಹೂದಿಗಳಲ್ಲ. ಮೊದಲ ವಾರ ಒಬ್ಬ ಹುಡುಗ ಆ ಶಾಲನ್ನು ಕೊರಳಿಗೆ ಟವೆಲಿನಂತೆ ಸುತ್ತಿಕೊಂಡು ಓಡಾಡಿದ. ಹೊಲಿಗೆಯ ತಂಡದಲ್ಲಿದ್ದ ಯಹೂದಿ ತಾಯಿಯೊಬ್ಬರು ಬೈಯಲಿಲ್ಲ. ಎಲ್ಲ ಹುಡುಗರನ್ನೂ ಕೂರಿಸಿಕೊಂಡು ಅದನ್ನು ಹೇಗೆ ಹಿಡಿಯಬೇಕು, ಹೇಗೆ ಹೊದೆಯಬೇಕು, ಏಕೆ ನೆಲಕ್ಕೆ ತಾಗಿಸಬಾರದು ಎಂದು ಅರ್ಧ ಗಂಟೆ ತಿಳಿಸಿಕೊಟ್ಟರು. ನಮ್ಮ ಇಷ್ಟಲಿಂಗವನ್ನೋ ಕರಡಿಗೆಯನ್ನೋ ನಾಟಕ, ಸಿನಿಮಾಗಳಲ್ಲಿ ಅಲಕ್ಷ್ಯದಿಂದ ಬಳಸಿದ್ದನ್ನು ಕಂಡು ನಾವೂ ನೊಂದಿದ್ದೇವೆ, ಪ್ರತಿಭಟಿಸಿದ್ದೇವೆ. ಆ ತಾಯಿ ಮಾಡಿದಂತೆ ಕೂರಿಸಿಕೊಂಡು ಹೇಳಿಕೊಟ್ಟದ್ದು ನಮ್ಮಲ್ಲಿ ಎಷ್ಟು ಸಲ ಎಂದು ನನಗೆ ಅಂದು ಅನಿಸಿತು. ಮರುದಿನದಿಂದ ಹುಡುಗರು ಅದನ್ನು ಮಡಿಸಿ ಇಡುವ ರೀತಿಯೇ ಬದಲಾಗಿತ್ತು.

ಪ್ರದರ್ಶನಕ್ಕೆ ಮುಂಚಿನ ವಾರವನ್ನು ಟೆಕ್ ವೀಕ್ ಎನ್ನುತ್ತಾರೆ. ಬೆಳಕು, ಧ್ವನಿ, ವಾದ್ಯವೃಂದ, ಉಡುಪು ಎಲ್ಲವನ್ನೂ ಒಂದೊಂದಾಗಿ ನಾಟಕಕ್ಕೆ ಕೂಡಿಸುವ ವಾರವದು. ನಟರು ಮೊದಲ ಸಲ ವಾದ್ಯವೃಂದದೊಡನೆ ಕುಳಿತು ಹಾಡುವ ತಾಲೀಮಿಗೆ ಜರ್ಮನ್ ಭಾಷೆಯ ಸಿಟ್ಸ್‌ಪ್ರೋಬೆ ಎಂಬ ಹೆಸರೇ ಉಳಿದುಕೊಂಡಿದೆ. ಮಕ್ಕಳು ರಾತ್ರಿ ಒಂಬತ್ತು, ಹತ್ತಕ್ಕೆ ಮನೆ ಸೇರುವುದು ಈ ವಾರದಲ್ಲಿಯೇ. ದಿನವೂ 80 ಮಕ್ಕಳಿಗೆ ಸಂಜೆಯ ಊಟವನ್ನು ಪಾಲಕರೇ ಸರದಿಯಂತೆ ಒದಗಿಸುತ್ತಾರೆ. ನನ್ನ ತಮ್ಮನ ಮನೆಯ ಸರದಿಯ ದಿನ ಚಿತ್ರಾನ್ನ, ಮೊಸರನ್ನ ಮಾಡುವುದೆಂದಾಯಿತು. ಆದರೆ ಯಾರಿಗೆ ಯಾವ ಪದಾರ್ಥ ಒಗ್ಗದು ಎಂಬ ಪಟ್ಟಿಯನ್ನು ಮೊದಲೇ ಕೊಟ್ಟಿದ್ದರು. ಅದರಲ್ಲಿ ಐವರಿಗೆ ಶೇಂಗಾ ಸೇರಿದರೆ ಪ್ರಾಣಕ್ಕೇ ಅಪಾಯ ಎಂದಿತ್ತು. ಶೇಂಗಾ ಇಲ್ಲದ ಚಿತ್ರಾನ್ನವನ್ನು ನಾನು ಅಲ್ಲಿಯೇ ಮೊದಲು ಉಂಡದ್ದು. ಮಕ್ಕಳಿಗೆ ಕೊರತೆಯೇ ತಿಳಿಯಲಿಲ್ಲ, ಪಾತ್ರೆ ತಳಕಂಡಿತು.

ಇಷ್ಟೆಲ್ಲ ಮಾಡಿದ ಪಾಲಕರು ನಾಟಕ ಆರಂಭವಾದೊಡನೆ ಹೊರಗೆ. ಇದು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸಿದ ಸಂಗತಿ. ಪ್ರದರ್ಶನವನ್ನು ನಡೆಸುವವರು ಮಕ್ಕಳೇ. ಬೆಳಕಿನ ಮಣೆಯ ಹಿಂದೆ ವಿದ್ಯಾರ್ಥಿ, ಪರದೆಯ ಹಗ್ಗದ ಬಳಿ ವಿದ್ಯಾರ್ಥಿ, ಎಲ್ಲರಿಗೂ ಕಿವಿಯ ಯಂತ್ರದಲ್ಲಿ ಆಯಾ ಕ್ಷಣಕ್ಕೆ ಸರಿಯಾಗಿ ಸೂಚನೆ ಕೊಡುವವಳು ರಂಗನಿರ್ವಾಹಕಿ. ಆಕೆಯ ಮುಂದಿನ ಪುಸ್ತಕದಲ್ಲಿ ನೂರಾರು ಸೂಚನೆಗಳು ಬರೆದಿರುತ್ತವೆ. ಆಕೆ 'ಗೋ' ಎನ್ನದೆ ಒಂದು ದೀಪವೂ ಆರುವುದಿಲ್ಲ.

ಕೊನೆಯ ಉಡುಪಿನ ತಾಲೀಮಿನಲ್ಲಿ, ಪಾಲಕರೂ ನೋಡುತ್ತಿದ್ದಾಗ, ಹಾಲಿನ ಗಾಡಿಯ ಚಕ್ರ ಕಳಚಿತು. ರಂಗದ ಪಕ್ಕದಲ್ಲಿ, ಇನ್ನೇನು ಗಾಡಿ ಒಳಗೆ ಬರಬೇಕು ಎನ್ನುವಾಗ. ನನ್ನ ಪಕ್ಕದಲ್ಲಿ ಕುಳಿತಿದ್ದ ತಮ್ಮ ಸಪ್ಪಳ ಕೇಳಿದೊಡನೆ ಎದ್ದು, ಕತ್ತಲೆಯಲ್ಲಿಯೇ ಪಕ್ಕದ ಬಾಗಿಲಿಗೆ ಓಡಿದ. ಒಳಗೆ ಮಗಳು ತಡೆದಳಂತೆ. "ಅಪ್ಪಾಜಿ, ಈಗ ಬೇಡ. ನಾನು ನೋಡ್ಕೋತೀನಿ" ಎಂದಳಂತೆ. ನಟನ ಕೈಗೆ ಎರಡು ಹಾಲಿನ ಕ್ಯಾನುಗಳನ್ನು ಕೊಟ್ಟು, ಗಾಡಿಯಿಲ್ಲದೆ ಹೋಗಲು ಹೇಳಿ, ಬೆಳಕಿನವನಿಗೆ ಗುರಿ ಬದಲಿಸಲು ಸೂಚಿಸಿದಳು. ಇಪ್ಪತ್ತು ಸೆಕೆಂಡಿನ ಮಾತು. ತೆವ್ಯ ಎರಡು ಕ್ಯಾನು ಹೊತ್ತು ಬೆನ್ನು ಬಾಗಿಸಿ ಬಂದ. ನಮಗೆ ನಾಟಕವೇ ಹಾಗಿದೆ ಎನಿಸಿತು. ತಮ್ಮ ಮರಳಿ ಬಂದು ಕುಳಿತ. ರಾತ್ರಿ ಹನ್ನೊಂದರವರೆಗೆ ಶಾಲೆಯ ಕಾರ್ಯಾಗಾರದಲ್ಲಿ ಅಚ್ಚನ್ನು ಸರಿಪಡಿಸಿದ, ಆದರೆ ಓದಿನ ಬಗ್ಗೆ ಆ ವಾರ ಮತ್ತೆ ಒಂದು ಮಾತನ್ನೂ ಎತ್ತಲಿಲ್ಲ.

ಹಾಗೆಂದು ಓದಿಗೆ ತೊಂದರೆಯೇ ಇಲ್ಲವೆಂದು ನಾನು ಹೇಳಲಾರೆ. ಕೇಳುವ ಅಜ್ಜ ಅಜ್ಜಿಯರಿಗೆ ಉಳ್ಳದ್ದನ್ನೇ ಹೇಳಬೇಕು. ಟೆಕ್ ವೀಕಿನಲ್ಲಿ ಮಗುವಿಗೆ ನಿದ್ದೆ ಸಾಲಲಿಲ್ಲ, ಆ ವಾರದ ಒಂದು ಗಣಿತ ಪರೀಕ್ಷೆಯಲ್ಲಿ ಅಂಕ ಇಳಿಯಿತು. ಅಂಕಗಳು ಒಂದು ಮಟ್ಟಕ್ಕಿಂತ ಕೆಳಗಿದ್ದರೆ ನಾಟಕಕ್ಕೆ ಸೇರಿಸಿಕೊಳ್ಳುವುದಿಲ್ಲವೆಂಬ ನಿಯಮ ಆ ಶಾಲೆಯಲ್ಲಿತ್ತು, ಆದ್ದರಿಂದ ತೀರ ಹಿಂದೆ ಬೀಳುವುದಿಲ್ಲ. ತಾಲೀಮಿನಲ್ಲಿ ತಮ್ಮ ಸರದಿ ಬರುವವರೆಗೆ ಮಕ್ಕಳು ಪಡಸಾಲೆಯಲ್ಲಿ ಕುಳಿತು ಮನೆಗೆಲಸದ ಲೆಕ್ಕ ಮಾಡುತ್ತಿದ್ದುದನ್ನೂ ಕಂಡಿದ್ದೇನೆ. ವರ್ಷದಲ್ಲಿ ಹತ್ತು ಹನ್ನೆರಡು ವಾರಗಳ ಈ ಭಾರವನ್ನು ಯಾವ ತರಗತಿಯಲ್ಲಿ ಹೊರಬೇಕು ಎಂಬುದನ್ನು ಮನೆಯವರು ಮಗುವಿನೊಡನೆ ಕುಳಿತು ನಿರ್ಧರಿಸಬೇಕು. ಇಲ್ಲಿಂದ ಫೋನಿನಲ್ಲಿ 'ಬಿಡಿಸಿರಿ' ಎಂದು ನಾವು ಹೇಳುವುದು ತರವಲ್ಲ.

ಪಾಲಕರ ಸೇವೆಯಲ್ಲಿಯೂ ದೋಷಗಳಿವೆ. ಎರಡು ಪಾಳಿ ದುಡಿಯುವ ತಾಯಿಗೆ ಶನಿವಾರದ ಹೊಲಿಗೆಗೆ ಬರಲಾಗದು. ಬಾರದಿದ್ದರೆ ತನ್ನ ಮಗುವಿಗೆ ಪಾತ್ರ ಸಿಗಲಿಕ್ಕಿಲ್ಲವೇನೋ ಎಂಬ ಸಂಶಯ ಅವಳನ್ನು ಕಾಡುತ್ತದೆ. ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಮಾತಿನ ಪಾತ್ರ ಎಂಬ ಗುಸುಗುಸು ಅಲ್ಲಿಯೂ ಹುಟ್ಟುತ್ತದೆ. ಇದನ್ನು ತಡೆಯಲೆಂದೇ ಪಾತ್ರಹಂಚಿಕೆಯ ವಿಷಯದಲ್ಲಿ ಪಾಲಕರ ಸಂಘ ಬಾಯಿ ಹಾಕುವಂತಿಲ್ಲ ಎಂದು ಬರೆದಿಟ್ಟುಕೊಂಡಿದ್ದರು. ಶುಲ್ಕ ಕೊಡಲಾಗದವರ ಹೆಸರು ಶಿಕ್ಷಕರೊಬ್ಬರಿಗೆ ಬಿಟ್ಟು ಇನ್ನಾರಿಗೂ ತಿಳಿಯದಂತೆ ನೋಡಿಕೊಳ್ಳುತ್ತಿದ್ದರು. ದಾಸೋಹ ಮಾಡಿದವರ ಹೆಸರನ್ನು ದೊಡ್ಡ ಫಲಕದಲ್ಲಿ ಬರೆಸುವ ರೂಢಿಗೆ ಬಿದ್ದಿರುವ ನಮಗೆ, ಈ ಎರಡನೆಯ ನಿಯಮ ಯೋಚಿಸತಕ್ಕದ್ದು.

ಮರಳಿ ಬಂದ ಮೇಲೆ ನಮ್ಮ ವಿದ್ಯಾಪೀಠದ ಪ್ರೌಢಶಾಲೆಯ ಶಿಕ್ಷಕರೊಡನೆ ಇದನ್ನೆಲ್ಲ ಹಂಚಿಕೊಂಡೆ. ಹಕ್ಕಿನ ವಿಷಯ ಕೇಳಿ ಅವರು ಗಾಬರಿಯಾದರು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಶಾಲೆಗಳಿಗೆ ರಿಯಾಯಿತಿ ಕೊಟ್ಟಿದೆ: ಶಿಕ್ಷಕರು, ವಿದ್ಯಾರ್ಥಿಗಳೇ ಆಡಿ, ನೋಡುವವರೂ ಶಾಲೆಯವರು, ಪಾಲಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರವಾಗಿದ್ದರೆ ಅಪ್ಪಣೆ ಬೇಕಾಗಿಲ್ಲ. ಟಿಕೆಟ್ಟಿಟ್ಟು ಊರಿಗೆಲ್ಲ ತೋರಿಸುವುದಾದರೆ ಮಾತು ಬೇರೆ. ಕಾಯ್ದೆ ಏನೇ ಇರಲಿ, ನಾಟಕಕಾರರಿಗೆ ಒಂದು ಪತ್ರ ಬರೆದು, ಕೈಲಾದ ಗೌರವಧನ ಕಳಿಸುವುದರಲ್ಲಿ ನಾವು ಹಿಂದೆ ಬೀಳಬಾರದು. ಇನ್ನು ಪಾಲಕರನ್ನು ಕರೆಯುವ ವಿಚಾರ. ನಮ್ಮಲ್ಲಿ ಪಾಲಕರೆಂದರೆ ಶುಲ್ಕಕ್ಕೂ ದೂರಿಗೂ ಮಾತ್ರ ಕರೆಯಬೇಕಾದವರು ಎಂದಾಗಿದೆ. ಊರಿನ ಬಡಿಗೇರ, ದರ್ಜಿ, ಹಾರ್ಮೋನಿಯಂ ಬಲ್ಲವರು, ಬಯಲಾಟದ ವೇಷ ಕಟ್ಟುವವರು, ಇವರಲ್ಲಿ ಅನೇಕರ ಮಕ್ಕಳು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾರೆ. ಬಾಡಿಗೆಯ ಉಡುಪಿಗೂ ಧ್ವನಿಮುದ್ರಿಕೆಯ ಹಾಡಿಗೂ ಪೇಟೆಗೆ ಓಡುವ ಮುನ್ನ ಅವರನ್ನು ಕೇಳಬಹುದಲ್ಲವೆ ಎಂದೆ. ಮುಂದಿನ ಪಾಲಕರ ಸಭೆಯಲ್ಲಿ ವಿಷಯ ಇಡುವುದೆಂದಾಗಿದೆ.

ನ್ಯೂಜೆರ್ಸಿಯ ಆ ನಾಟಕದ ನಾಲ್ಕನೆಯ ಪ್ರದರ್ಶನ ಶನಿವಾರ ರಾತ್ರಿ ಮುಗಿಯಿತು. ಪ್ರೇಕ್ಷಕರು ಹೋದ ಅರ್ಧ ಗಂಟೆಯಲ್ಲಿ ಮಕ್ಕಳೂ ಪಾಲಕರೂ ಸೇರಿ ಹತ್ತು ವಾರಗಳಲ್ಲಿ ಕಟ್ಟಿದ್ದನ್ನು ಬಿಚ್ಚತೊಡಗಿದರು. ಅನಾತೆವ್ಕ ಹಳ್ಳಿ ಮತ್ತೆ ಹಲಗೆ, ಮೊಳೆ, ಚಕ್ರಗಳಾಯಿತು. ಗಾಡಿಯನ್ನು ಮಾತ್ರ ಒಡೆಯದೆ ಉಗ್ರಾಣದಲ್ಲಿ ಇಟ್ಟರು. ಭಾನುವಾರ ಮಧ್ಯಾಹ್ನ ತಮ್ಮನ ಮನೆಯ ಊಟದ ಮೇಜಿನ ಮೇಲೆ ಹಿಂತಿರುಗಿಸಬೇಕಾದ ಪುಸ್ತಕಗಳ ರಾಶಿ ಬಂದು ಕುಳಿತಿತ್ತು. ತಮ್ಮ, ಅವನ ಮಡದಿ, ಮಗಳು, ನಾನು ನಾಲ್ವರೂ ಒಂದೊಂದು ರಬ್ಬರು ಹಿಡಿದು ಕುಳಿತೆವು. ಮಕ್ಕಳು ಅಂಚಿನಲ್ಲಿ ಬರೆದುಕೊಂಡ ಗುರುತುಗಳು: ಇಲ್ಲಿ ಉಸಿರು ತೆಗೆದುಕೊ, ಇಲ್ಲಿ ಎಡಕ್ಕೆ ತಿರುಗು, ಇಲ್ಲಿ ನಗಬೇಡ. ಒಂದು ಪುಟದ ತುದಿಯಲ್ಲಿ ಯಾರೋ ಹುಡುಗ ತನ್ನ ತಾಯಿ ಯಾವ ಸಾಲಿನಲ್ಲಿ ಕೂರುತ್ತಾಳೆಂದು ಬರೆದುಕೊಂಡಿದ್ದ. "ದೊಡ್ಡಪ್ಪಾ, ಅದನ್ನೂ ಅಳಿಸಬೇಕು" ಎಂದಳು ಮಗಳು. ಅಳಿಸಿದೆ.